ಮುಚ್ಚಳ ಹಿಡಿದ ಕೈಗಳು

ನನ್ನ ಮೇಜಿನ ಮೇಲೆ ಕಾಗದಗಳು ಹಾರಿಹೋಗದಂತೆ ಇಟ್ಟುಕೊಂಡಿರುವ ಒಂದು ಭಾರವಾದ ವಸ್ತುವಿದೆ. ಮರದ ತುಂಡಿನ ಮೇಲೆ ಮೊಳೆ ಹೊಡೆದು ಕೂರಿಸಿದ ಸತುವಿನ ತಗಡು. ಮನೆಗೆ ಬಂದವರು ಮಾತಿನ ನಡುವೆ ಅದನ್ನು ಕೈಗೆತ್ತಿಕೊಂಡು, ಅತ್ತಿತ್ತ ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಒಬ್ಬರು ಹಲಸಿನ ಹಣ್ಣೇ ಎಂದು ಕೇಳಿದರು. ನಮ್ಮ ಬೀದಿಯ ಡಾಕ್ಟರು ಬಹಳ ಹೊತ್ತು ನೋಡಿ, ಇದು ಮನುಷ್ಯನ ದವಡೆ ಇರಬೇಕು, ಮುಂದಿನ ಹಲ್ಲು ಹೋಗಿವೆ ಎಂದರು. ಅದು ಮೈಸೂರಿನ ಅರಮನೆ.

ಇಷ್ಟು ಹೇಳಿದ ಮೇಲೆ ವಿವರ ಕೊಡುವುದು ನನ್ನ ಕರ್ತವ್ಯ. ಆಗೆಲ್ಲ ಪತ್ರಿಕೆಯಲ್ಲಿ ಚಿತ್ರ ಅಚ್ಚಾಗಬೇಕಾದರೆ ಮೊದಲು ಫೋಟೊವನ್ನು ಇಂಥದೊಂದು ಬ್ಲಾಕಿಗೆ ಇಳಿಸಬೇಕು. ಬ್ಲಾಕು ಬೆಂಗಳೂರಿನಲ್ಲಿ ಆಗಬೇಕು, ರೈಲಿನಲ್ಲಿ ಬರಬೇಕು. ಆದ್ದರಿಂದ ಒಮ್ಮೆ ಮಾಡಿಸಿದ ಬ್ಲಾಕನ್ನು ಯಾವ ಪತ್ರಿಕೆಯೂ ಸುಲಭಕ್ಕೆ ಕೈಬಿಡುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ ನಾನು ಮೈಸೂರಿನ ಒಂದು ಸಣ್ಣ ದಿನಪತ್ರಿಕೆಗೆ ಉಪಸಂಪಾದಕನಾಗಿ ಸೇರಿದಾಗ, ಕಚೇರಿಯಲ್ಲಿದ್ದ ದೊಡ್ಡ ಬ್ಲಾಕು ಇದೊಂದೇ. ದಸರೆಗೆ ಇದೇ, ಯುಗಾದಿಗೆ ಇದೇ, ಮಹಾರಾಜರ ವರ್ಧಂತಿಗೂ ಇದೇ. ಒಮ್ಮೆ ಅವಸರದಲ್ಲಿ ಹೈದರಾಬಾದಿನ ಒಂದು ಕಟ್ಟಡದ ಸುದ್ದಿಗೂ ಇದನ್ನೇ ಹಾಕಿದ್ದರಂತೆ. ತಪ್ಪಾಗಿದೆ ಎಂದು ಒಬ್ಬ ಓದುಗನೂ ಪತ್ರ ಬರೆಯಲಿಲ್ಲ. ಅಷ್ಟರ ಮಟ್ಟಿಗೆ ಅದು ಸವೆದಿತ್ತು.

ಆ ವರ್ಷ ದಸರಾ ವಿಶೇಷ ಸಂಚಿಕೆಯ ಹೊಣೆ ನನ್ನ ಪಾಲಿಗೆ ಬಂತು. ಮುಖಪುಟಕ್ಕೆ ಈ ಬ್ಲಾಕು ಬೇಡ, ಸಂಜೆಯ ಹೊತ್ತು ಇಡೀ ಊರು ಕಾಣುವಂಥ ಹೊಸ ಚಿತ್ರ ತೆಗೆಸೋಣ ಎಂದು ಸಂಪಾದಕರಿಗೆ ಹೇಳಿದೆ. ನಮ್ಮ ಸಂಪಾದಕರು ವಿಶೇಷಣ ಕಂಡರೆ ಕೆಂಪು ಪೆನ್ಸಿಲ್ ಎತ್ತುವವರು. ‘ಭವ್ಯ ಮೆರವಣಿಗೆ’ ಎಂದು ಬರೆದರೆ ‘ಎಷ್ಟು ಆನೆ?’ ಎಂದು ಕೇಳುವವರು. ಅವರು ನನ್ನನ್ನು ನೋಡಿದರು, ಬ್ಲಾಕನ್ನು ನೋಡಿದರು.

“ತನ್ನಿ. ಶುಕ್ರವಾರ ಸಂಜೆ ನನ್ನ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಇದು ಎಲ್ಲಿಗೂ ಓಡಿಹೋಗಿಲ್ಲ,” ಎಂದು ಬ್ಲಾಕಿನ ಬೆನ್ನು ತಟ್ಟಿದರು.

ಅಂದು ಸೋಮವಾರ.

ನಾನು ನೇರವಾಗಿ ದೇವರಾಜ ಮೊಹಲ್ಲಾಕ್ಕೆ ಹೋದೆ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬಸವಲಿಂಗಪ್ಪನವರ ಸ್ಟುಡಿಯೊ. ಹಣೆ ತುಂಬ ವಿಭೂತಿ, ಮೇಲೆ ಕರಿ ಕೋಟು, ಬೆರಳ ತುದಿಗಳಲ್ಲಿ ಫೋಟೊ ತೊಳೆಯುವ ಮದ್ದಿನ ಕಂದು ಕಲೆ. ಸ್ಟುಡಿಯೊದ ಗೋಡೆಗೆ ಒಂದು ಪರದೆ. ಅದರ ಮೇಲೆ ಬಣ್ಣದಲ್ಲಿ ಬರೆದ ಅರಮನೆ, ಅರಮನೆಯ ಮುಂದೆ ಕೊಳ, ಕೊಳದಲ್ಲಿ ಅರಮನೆಯ ಬಾಗಿಲಿಗಿಂತ ದೊಡ್ಡದಾದ ಹಂಸ. ಆ ಪರದೆಯ ಮುಂದೆ ಅರ್ಧ ಮೈಸೂರಿನ ಗಂಡಹೆಂಡಿರನ್ನು ಕೂರಿಸಿ ತೆಗೆದಿದ್ದರು. ನಿಜವಾದ ಅರಮನೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದರೂ ಅದರ ಫೋಟೊ ಒಮ್ಮೆಯೂ ತೆಗೆದಿರಲಿಲ್ಲ.

“ಯಾರೂ ಕೇಳಲಿಲ್ಲ ಸ್ವಾಮಿ,” ಎಂದರು. ಆಮೇಲೆ ದನಿ ತಗ್ಗಿಸಿ, “ನಾನು ತೆಗೆದಿದ್ದೆಲ್ಲಾ ಜನರ ಟ್ರಂಕಿನೊಳಗೆ ಹೋಯ್ತು. ನಮ್ಮಪ್ಪನಿಗೂ ಗೊತ್ತಿಲ್ಲ ನಾನು ಏನು ತೆಗೀತೀನಿ ಅಂತ. ಫೋಟೊದ ಕೆಳಗೆ ಹೆಸರು ಹಾಕ್ತೀರಾ?”

“ಹಾಕ್ತೀವಿ.”

“ಪೂರ್ತಿ ಹೆಸರು?”

“ಪೂರ್ತಿ.”

ಅವರು ಆಗಲೇ ಎದ್ದು ಕ್ಯಾಮೆರಾದ ಮೂರು ಕಾಲು ಮಡಿಸತೊಡಗಿದರು.

ಬೀದಿಗೆಲ್ಲ ಎತ್ತರದ ಮನೆ ಚೆನ್ನಾಜಮ್ಮನವರದು. ಗಂಡ ಮಾರುಕಟ್ಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದರು. ಆಕೆ ಹಿನಕಲ್ಲಿನ ಒಕ್ಕಲು ಮನೆತನದ ಮಗಳು. ಊರಿನಿಂದ ಬಂದ ಮೆಣಸಿನಕಾಯಿಯನ್ನು ತಾರಸಿಯ ಉದ್ದಕ್ಕೂ ಒಣಹಾಕಿಕೊಂಡು ಅದಕ್ಕೆ ಕಾವಲಿರುತ್ತಿದ್ದರು. ಬಾಗಿಲಲ್ಲಿ ನಿಂತು ನಮ್ಮನ್ನು ವಿಚಾರಿಸಿದರು.

“ಪೋಟೋನಾ? ಯಾರ್ದು?”

“ಊರಿಂದು ಅಮ್ಮ,” ಎಂದೆ.

“ಊರು ಕೆಳಗೈತಲ್ಲ. ಮೇಲ್ಯಾಕೆ ಹತ್ತೀರಿ?” ಎಂದವರೇ ನನ್ನ ಹಿಂದಿದ್ದ ಬಸವಲಿಂಗಪ್ಪನವರನ್ನು ಕಂಡರು. “ಓಹೋ, ಇವ್ರಾ! ನನ್ ಮಗಳ ಮದ್ವೇಲಿ ನನ್ ತಲೇನೇ ಕುಯ್ದಾಕ್ಬುಟ್ಟೋರು! ಧಾರೆ ಪೋಟೋದಲ್ಲಿ ಎಲ್ರಿಗೂ ತಲೆ ಐತೆ ಕಣ್ರೀ, ನನಗ್ ಮಾತ್ರ ಕತ್ತಿನ್ತಂಕ. ನೆಂಟ್ರು ಸೀರೆ ನೋಡಿ ಗುರುತಿಡಿಬೇಕು!”

“ಅಮ್ಮಾ, ಎಲ್ಲರೂ ಕೂತಿದ್ರು. ನೀವು ಇದ್ದಕ್ಕಿದ್ದ ಹಾಗೆ ಎದ್ದು ನಿಂತುಬಿಟ್ರಿ.”

“ಮಗಳ ಧಾರೆಗೆ ಎದ್ ನಿಂತ್ಕೊಳ್ದೆ, ಕಾಲ್ ಚಾಚ್ಕಂಡು ಕೂತ್ಕೊಳಕ್ಕಾಯ್ತದಾ?”

ನಾನು ಪತ್ರಿಕೆಯವನೆಂದು ತಿಳಿದ ಮೇಲೆ ಆಕೆ ಮೆತ್ತಗಾದರು. ಮೆಣಸಿನಕಾಯಿ ತುಳಿಯಬಾರದು ಎಂದು ತಾಕೀತು ಮಾಡಿ, ತಾರಸಿಯ ಮೋಟುಗೋಡೆಯ ಮೂಲೆ ತೋರಿಸಿದರು. ದಸರೆಗೆಂದು ಸುಣ್ಣ ಬಳಿಸಿದ ಗೋಡೆ. ಅದರ ತುದಿಯಲ್ಲಿ ಗಾರೆಯ ಗಿಳಿಯೊಂದು ಕೂತಿತ್ತು, ಹೊಸದಾಗಿ ಹಸಿರು ಬಳಿದು, ಕೊಕ್ಕಿಗೆ ಕೆಂಪು ಹಚ್ಚಿ.

“ಇದೂ ಬರ್ಲಿ.”

“ಅದು ಬಂದ್ರೆ ಅರಮನೆಗಿಂತ ದೊಡ್ಡದಾಗಿ ಕಾಣುತ್ತಮ್ಮ,” ಎಂದರು ಬಸವಲಿಂಗಪ್ಪ.

“ಕಾಣ್ಲಿ. ಅರಮನೇನ ಎಲ್ರೂ ನೋಡವ್ರೆ. ನಮ್ ಗಿಳಿ ಯಾರು ನೋಡವ್ರೆ?”

ನಾವು ಕೇಳಿಸದವರಂತೆ ಕ್ಯಾಮೆರಾ ನಿಲ್ಲಿಸಿದೆವು.

ಅಲ್ಲಿಂದ ಊರು ಚೆನ್ನಾಗಿಯೇ ಕಾಣುತ್ತಿತ್ತು. ಹತ್ತಿರದಲ್ಲಿ ದೊಡ್ಡ ಗಡಿಯಾರದ ಗೋಪುರ, ಅದರಾಚೆ ಅರಮನೆಯ ಗುಮ್ಮಟಗಳು, ಎಲ್ಲದರ ಹಿಂದೆ ಚಾಮುಂಡಿ ಬೆಟ್ಟ. ಚಿತ್ರದ ಹೊಂದಾಣಿಕೆಯ ಬಗ್ಗೆ ನಾನು ಎರಡು ಇಂಗ್ಲಿಷ್ ಲೇಖನ ಓದಿಕೊಂಡು ಹೋಗಿದ್ದೆ. ಬಸವಲಿಂಗಪ್ಪನವರಿಗೆ ಅದರ ಅಗತ್ಯ ಬೀಳಲಿಲ್ಲ. ಅವರ ಲೆಕ್ಕದಲ್ಲಿ ಅದು ಮದುವೆಯ ಗ್ರೂಪ್ ಫೋಟೊ.

“ಅರಮನೆ ಮದುಮಗ ಸ್ವಾಮಿ, ಮಧ್ಯೆ ಇರಬೇಕು. ಬೆಟ್ಟ ಹೆಣ್ಣಿನ ತಂದೆ, ಹಿಂದೆ ನಿಂತ್ಕೊಳ್ಳಲಿ. ಗಡಿಯಾರ ಸೋದರಮಾವ. ಕರೀದಿದ್ರೂ ಬಂದು ಮುಂದೆ ನಿಂತಿದೆ. ಸ್ವಲ್ಪ ಪಕ್ಕಕ್ಕೆ ಸರಿಸೋಣ.” ಗಡಿಯಾರ ಸರಿಯುವಂತಿಲ್ಲವಾದ್ದರಿಂದ ಕ್ಯಾಮೆರಾವನ್ನೇ ಬಲಕ್ಕೆ ಒಂದು ಮಾರು ಸರಿಸಿದರು.

“ಚರ್ಚಿನ ಜೋಡಿ ಗೋಪುರ ಬಿಟ್ಟುಹೋಗುತ್ತಲ್ಲ,” ಎಂದೆ.

“ಅವರು ದೂರದ ನೆಂಟರು. ಅವರಿಗೆ ಬೇರೆ ತೆಗೆದರಾಯ್ತು.”

ನಾನೂ ಕರಿಬಟ್ಟೆಯೊಳಗೆ ತಲೆ ಹಾಕಿ ನೋಡಿದೆ. ಗಾಜಿನ ಮೇಲೆ ಊರೆಲ್ಲ ತಲೆಕೆಳಗು. ಅರಮನೆ ಆಕಾಶದಿಂದ ದೀಪಗುಚ್ಛದ ಹಾಗೆ ಇಳಿಬಿದ್ದಿತ್ತು. ಚಿಕ್ಕಂದಿನಲ್ಲಿ ಸೀಬೆ ಮರದ ಕೊಂಬೆಗೆ ಮಂಡಿ ಸಿಕ್ಕಿಸಿ ನೇತಾಡುತ್ತಾ ನಮ್ಮ ಮನೆಯನ್ನು ಹೀಗೇ ನೋಡುತ್ತಿದ್ದೆ. ಅಮ್ಮ ಹಜಾರದ ಸೂರಿನ ಮೇಲೆ ನಡೆದು ಬಂದು ಬೈಯುತ್ತಿದ್ದರು. ನಾನು ಬಟ್ಟೆಯೊಳಗೆ ತುಂಬಾ ಹೊತ್ತು ಇದ್ದೆನೆಂದು ಕಾಣುತ್ತದೆ. ಬಸವಲಿಂಗಪ್ಪನವರು ಬೆನ್ನು ತಟ್ಟಿ ಹೊರಗೆ ಕರೆದರು.

ಅವರ ಕ್ರಮ ಹೀಗಿತ್ತು. ಬೆಳಕು ಇನ್ನೂ ಇರುವಾಗ ಲೆನ್ಸಿನ ಮುಚ್ಚಳ ತೆಗೆದು ಊರನ್ನು ಕ್ಯಾಮೆರಾದೊಳಗಿನ ಗಾಜಿನ ಪ್ಲೇಟಿನ ಮೇಲೆ ಇಳಿಸಿಕೊಳ್ಳುವುದು. ಮುಚ್ಚಳ ಹಾಕಿ, ಕ್ಯಾಮೆರಾ ಕದಲಿಸದೆ ಕಾಯುವುದು. ದಸರೆಗೆ ಮುಂಚಿನ ಆ ವಾರ ಪ್ರತಿ ಸಂಜೆ ಅರಮನೆಯ ದೀಪಗಳನ್ನು ಪರೀಕ್ಷೆಗೆಂದು ಹಚ್ಚುತ್ತಿದ್ದರು. ದೀಪ ಹತ್ತಿದ ಕೂಡಲೇ ಅದೇ ಪ್ಲೇಟಿಗೆ ಇನ್ನೊಮ್ಮೆ ಮುಚ್ಚಳ ತೆಗೆದು, ಐದು ಸಲ ‘ಓಂ ನಮಃ ಶಿವಾಯ’ ಹೇಳುವಷ್ಟು ಹೊತ್ತು ಬಿಟ್ಟು, ಮುಚ್ಚಿಬಿಡುವುದು. ಹೆಚ್ಚಾದರೆ ಎಲ್ಲ ಬೆಳ್ಳಗೆ.

“ಗಡಿಯಾರ ನೋಡಿ ಎಣಿಸಬಾರದೇ?” ಎಂದು ಕೇಳಿದೆ.

“ಗಡಿಯಾರ ಹಿಂದೆ ಮುಂದೆ ಆಗುತ್ತೆ ಸ್ವಾಮಿ. ಪಂಚಾಕ್ಷರಿ ಆಗಲ್ಲ.”

ಮೊದಲ ಸಂಜೆ ಕೆಟ್ಟದ್ದಕ್ಕೆ ಮೆಣಸಿನಕಾಯಿ ಕಾರಣ. ದೀಪ ಹತ್ತಿ ಮುಚ್ಚಳ ತೆಗೆಯುವ ಹೊತ್ತಿಗೆ ಗಾಳಿ ಈ ಕಡೆಗೆ ತಿರುಗಿತು. ಬಸವಲಿಂಗಪ್ಪನವರು ಸೀನಿದ ಸೀನಿಗೆ ಮೂರು ಕಾಲೂ ಹಾರಿದವು. ತೊಳೆದಾಗ ಪ್ಲೇಟಿನಲ್ಲಿ ಅರಮನೆ ಎರಡಾಗಿತ್ತು. “ಒಂದು ಮಹಾರಾಜರಿಗೆ ಇರಲಿ. ಇನ್ನೊಂದನ್ನ ಸರ್ಕಾರಕ್ಕೆ ಕೊಡಬಹುದು,” ಎಂದರು.

ಮರುದಿನ ಮೆಣಸಿನಕಾಯಿಯನ್ನು ಗಾಳಿ ನೋಡಿ ಮೋಟುಗೋಡೆಯ ಬುಡಕ್ಕೆ ಸರಿಸಿದೆವು. ಒಣಹಾಕಿದ್ದ ಹಾಸಿಗೆಯೊಂದನ್ನು ಚಿತ್ರದಿಂದ ಹೊರಕ್ಕೆ ಎಳೆದೆವು. ಅರಮನೆಯ ನಡುವಿನ ಗುಮ್ಮಟಕ್ಕೆ ಸರಿಯಾಗಿ ಚುಚ್ಚಿಕೊಂಡಂತೆ ಕಾಣುತ್ತಿದ್ದ ವಿದ್ಯುತ್ ಕಂಬವನ್ನು ತಪ್ಪಿಸಲು ಮತ್ತೊಂದು ಗೇಣು ಸರಿದೆವು. ನಡೆದರೆ ಹಳೆಯ ತಾರಸಿ ಅದುರುತ್ತದೆ ಎಂದು ಚೆನ್ನಾಜಮ್ಮನವರನ್ನು ಗೋಡೆಯ ಪಕ್ಕದಲ್ಲಿ, ಚಿತ್ರಕ್ಕೆ ಸಿಕ್ಕದಂತೆ, ಮೆಣಸಿನಕಾಯಿಯ ಜೊತೆಗೇ ಕೂರಿಸಿದೆವು. ದೀಪ ಹತ್ತಿತು. ಅಷ್ಟೂ ಗುಮ್ಮಟ, ಅಷ್ಟೂ ಕಮಾನು ಒಂದೇ ಸಲ ಚಿನ್ನದ ಗೆರೆಯಾಗಿ ನಿಂತವು. ಬೀದಿಯಿಂದ ಒಂದು ‘ಓ’ ಎದ್ದು ಇಳಿಯಿತು. ಎಲ್ಲ ಸರಿಯಾಗಿ ಆಯಿತೆಂದು ಖುಷಿಯಾಗಿ ಇಳಿದೆವು. ಪ್ಲೇಟು ತೊಳೆದು ಕಾಗದಕ್ಕೆ ಇಳಿಸಿದರೆ ಅರಮನೆಯ ಜಾಗದಲ್ಲಿ ಬಿಳಿಯ ಕುಂಬಳಕಾಯಿ.

“ಪ್ಲೇಟು ಹಳೇದು. ಅಂಗಡಿಯೋನು ಮೋಸ ಮಾಡಿದ,” ಎಂದರು ಬಸವಲಿಂಗಪ್ಪ.

ಬುಧವಾರ ಹೊಸ ಪ್ಲೇಟು ತಂದರು. ನಾನು ಆ ಹೊತ್ತಿಗೆ ಸುದ್ದಿಮನೆಯ ಒಂದು ಪಾಠ ನೆನಪಿಸಿಕೊಂಡಿದ್ದೆ: ಎಲ್ಲರೂ ಒಂದು ಕಡೆ ನೋಡುತ್ತಿದ್ದರೆ ವರದಿಗಾರ ಇನ್ನೊಂದು ಕಡೆ ನೋಡಬೇಕು. ಆದ್ದರಿಂದ ದೀಪ ಹತ್ತುವ ಸಮಯಕ್ಕೆ ಅರಮನೆಗೆ ಬೆನ್ನು ಹಾಕಿ, ಫೋಟೊ ತೆಗೆಯುವವರ ಕಡೆಗೆ ಮುಖ ಮಾಡಿ ನಿಂತೆ.

ಬೀದಿಯಲ್ಲಿ ‘ಓ’ ಎಂದಿತು. ಬಸವಲಿಂಗಪ್ಪನವರ ಮುಖ ಬೆಳಗಿತು. ಚುರುಕಾಗಿ ಮುಚ್ಚಳ ತೆಗೆದರು. ‘ಓಂ ನಮಃ ಶಿವಾಯ’ ಎಂದರು. ಇನ್ನೊಮ್ಮೆ ಅಂದರು. ಆಮೇಲೆ ಅವರ ಬಲಗೈಯನ್ನು ಎಡಗೈ ತಾನಾಗಿ ಬಂದು ಕೂಡಿಕೊಂಡಿತು. ಎರಡು ಅಂಗೈಗಳ ನಡುವೆ ಮುಚ್ಚಳ. ಕಣ್ಣು ಮುಚ್ಚಿತ್ತು. ಪಂಚಾಕ್ಷರಿ ನಿಲ್ಲಲಿಲ್ಲ, ಆದರೆ ಅದನ್ನು ಎಣಿಸುವವರು ಯಾರೂ ಅಲ್ಲಿರಲಿಲ್ಲ. ಲೆನ್ಸು ಬಾಯಿ ಬಿಟ್ಟುಕೊಂಡು ಅರಮನೆಯನ್ನು ನುಂಗುತ್ತಲೇ ಇತ್ತು.

ಕೂಗಿ ಎಚ್ಚರಿಸಬಹುದಾಗಿತ್ತು. ಆದರೆ ನಾನು ಬೆಳೆದ ಮನೆಯಲ್ಲಿ ದೀಪಕ್ಕೆ ಕೈ ಮುಗಿದವರನ್ನು ಮಾತಾಡಿಸುವ ಪದ್ಧತಿಯಿಲ್ಲ. ಮುಸ್ಸಂಜೆ ದೀಪ ಹಚ್ಚುವಾಗ ಅಜ್ಜಿ ಮಲಗಿದ್ದವರನ್ನು ಎಬ್ಬಿಸಿ ಕೂರಿಸುತ್ತಿದ್ದರು. ಜ್ವರ ಬಂದವರಿಗೂ ವಿನಾಯಿತಿ ಇರಲಿಲ್ಲ. ನಮ್ಮ ಮನೆಗೆ ವಿದ್ಯುತ್ತು ಬಂದಾಗ ಎಣ್ಣೆದೀಪದ ಮರ್ಯಾದೆಯೆಲ್ಲ ಬಲ್ಬಿಗೆ ವರ್ಗವಾಯಿತು. ಮೊದಲ ಬಲ್ಬು ಸುಟ್ಟುಹೋದಾಗ ಅದನ್ನು ಎಸೆಯಲು ಅಜ್ಜಿ ಬಿಡದೆ ದೇವರ ಗೂಡಿನಲ್ಲಿ ಇಟ್ಟರು. ಅದು ಅಲ್ಲಿ ಸಾಲಿಗ್ರಾಮದ ಪಕ್ಕ ಬಹಳ ವರ್ಷ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಇತ್ತು. ಇಂಥ ಮನೆಯವನು ಬಸವಲಿಂಗಪ್ಪನವರ ಮೇಲೆ ಕೂಗುವುದಾದರೂ ಹೇಗೆ? ಅವರು ಕಣ್ಣು ತೆರೆಯುವ ತನಕ ಕಾದೆ.

“ನೀವು ಕೈ ಮುಗೀತಾ ನಿಂತಿದ್ರಿ ಬಸವಲಿಂಗಪ್ಪನವರೇ.”

“ನಾನಾ? ಸಾಧ್ಯವೇ ಇಲ್ಲ ಸ್ವಾಮಿ. ಕೈಯಲ್ಲಿ ಮುಚ್ಚಳ ಇತ್ತಲ್ಲ!”

“ಮುಗುದ್ರಿ ಕಣ್ರೀ,” ಎಂದರು ಗೋಡೆಯ ಬುಡದಿಂದ ಚೆನ್ನಾಜಮ್ಮ. “ನೆನ್ನೆನೂ ಮುಗುದ್ರಿ. ನಾನೂ ಕೂತಲ್ಲೇ ಮುಗುದೆ. ದೀಪ ಬಂದ್ರೆ ಮುಗೀದೆ ಇನ್ನೇನ್ ಮಾಡಾರು?”

ಪ್ಲೇಟು ತೊಳೆಯುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಉಳಿದದ್ದು ಗುರುವಾರ ಒಂದೇ ಸಂಜೆ. ಬಸವಲಿಂಗಪ್ಪನವರು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು. “ಹೆಸರು ಹಾಕ್ತಾರೆ ಅಂತ ನಮ್ಮಪ್ಪನಿಗೆ ಹೇಳಿಬಿಟ್ಟಿದ್ದೀನಿ,” ಎಂದರು.

“ಪಂಚಾಕ್ಷರಿ ಬಿಡಿ. ನಾಳೆ ಮಗ್ಗಿ ಹೇಳಿ,” ಎಂದೆ. “ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು.”

“ಅಷ್ಟು ದೀಪದ ಮುಂದೆ ನಿಂತು ಮಗ್ಗಿ ಹೇಳೋದಾ ಸ್ವಾಮಿ?” ಅವರಿಗೆ ನಿಜವಾಗಿಯೂ ನೋವಾಯಿತು. ಆಮೇಲೆ ಹೇಳಿದರು: “ಒಂದು ಕೆಲಸ ಮಾಡೋಣ. ಮುಚ್ಚಳ ನೀವೇ ಹಿಡ್ಕೊಳ್ಳಿ. ತಪ್ಪು ತಿಳೀಬೇಡಿ. ನೀವು ಪೇಪರ್ನೋರು. ನಿಮಗೆ ಭಕ್ತಿ ಕಮ್ಮಿ.”

ವೃತ್ತಿಗೆ ಸಂದ ಗೌರವವೆಂದು ಅದನ್ನು ಸ್ವೀಕರಿಸಿದೆ. ಮುಷ್ಕರದಲ್ಲಿ ಕಲ್ಲು ಬೀಳುವಾಗ ಪಕ್ಕಕ್ಕೆ ನಿಂತು ಬರೆದುಕೊಂಡವನು ನಾನು. ಒಂದು ಮುಚ್ಚಳ ಏನು ಮಹಾ?

ಆದರೆ ಮೆಟ್ಟಿಲ ಬಳಿ ಚೆನ್ನಾಜಮ್ಮ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತರು. “ನಾಳೆ ಕೊನೇ ದಿನ ಅಂತೀರಿ. ಗಿಳಿ ಬರ್ಲಿಲ್ಲಾಂದ್ರೆ ತಾರಸಿ ಬಾಗ್ಲು ತೆಗೆಯಾಕಿಲ್ಲ, ಈಗ್ಲೇ ಯೋಳ್ಬುಟ್ಟಿದ್ದೀನಿ.”

ಹೀಗಾಗಿ ಗುರುವಾರ ಬಸವಲಿಂಗಪ್ಪನವರು ಗೊಣಗುತ್ತಲೇ ಕ್ಯಾಮೆರಾದ ಮೂತಿಯನ್ನು ತುಸು ಕೆಳಕ್ಕೆ ಬಗ್ಗಿಸಿ, ಮೋಟುಗೋಡೆಯ ಮೇಲಂಚು ಒಂದು ಗೇಣಿನಷ್ಟು ಮತ್ತು ಮೂಲೆಯಲ್ಲಿ ಗಿಳಿ ಬರುವಂತೆ ಮಾಡಿದರು. ಕರಿಬಟ್ಟೆಯೊಳಗೆ ತಲೆ ಹಾಕಿದರು. ಆಮೇಲೆ ಒಳಗಿನಿಂದಲೇ, “ಸ್ವಾಮಿ, ಗಿಳಿ ಬಂದ ಮೇಲೆ ಚೆನ್ನಾಗಿದೆ. ಬೀಗರ ಮನೆ ಮಗು ಮುಂದೆ ಕೂತಂಗಿದೆ. ಇಷ್ಟು ದಿನ ಕೆಳಗೆ ಬರೀ ಖಾಲಿ ಹೊಡೀತಿತ್ತು,” ಎಂದರು. ನಾನು ಓದಿದ್ದ ಎರಡು ಇಂಗ್ಲಿಷ್ ಲೇಖನಗಳಲ್ಲೂ ಮುನ್ನೆಲೆಯ ಬಗ್ಗೆ ಇದನ್ನೇ ಹೇಳಿತ್ತು. ಗಿಳಿ ಎಂದು ಮಾತ್ರ ಹೇಳಿರಲಿಲ್ಲ.

ಮೋಡ ಹರಿದಿತ್ತು. ಬೆಟ್ಟದ ನೆತ್ತಿಯ ಮೇಲೆ ನಸುಗೆಂಪು. ಮೊದಲ ಸಲದ ಕೆಲಸ ಅಚ್ಚುಕಟ್ಟಾಗಿ ಆಯಿತು. ಮುಚ್ಚಳ ಹಾಕಿದೆ. ಚೆನ್ನಾಜಮ್ಮ ಎಂದಿನಂತೆ ಗೋಡೆಯ ಬುಡದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಬಸವಲಿಂಗಪ್ಪ ನನ್ನ ಹಿಂದೆ, ತಪ್ಪು ಮಾಡಲು ಅವಕಾಶವೇ ಇಲ್ಲದ ನಿಶ್ಚಿಂತೆಯಲ್ಲಿ ನಿಂತಿದ್ದರು.

ದೀಪ ಹತ್ತಿತು.

ಆಗ ಕಂಡದ್ದನ್ನು ಕ್ರಮವಾಗಿ ಹೇಳುತ್ತೇನೆ. ನಾನು ಮುಚ್ಚಳ ತೆಗೆದೆ. ‘ಒಂದು, ಎರಡು’ ಎಂದು ಎಣಿಸಲು ತೊಡಗಿದೆ. ಅಕ್ಕಪಕ್ಕದ ತಾರಸಿಗಳ ಮೇಲಿದ್ದವರು ಒಬ್ಬೊಬ್ಬರೇ ನಿಂತರು. ಎರಡು ದಿನ ಕೂತಲ್ಲೇ ಕೈ ಮುಗಿದಿದ್ದ ಚೆನ್ನಾಜಮ್ಮ ಅಂದು ಸೆರಗಿನಲ್ಲಿದ್ದ ತೊಟ್ಟುಗಳನ್ನು ಕೊಡವಿ ಎದ್ದು ನಿಂತರು. ಗಿಳಿಯ ಪಕ್ಕದಲ್ಲಿ, ಕ್ಯಾಮೆರಾಕ್ಕೆ ಬೆನ್ನಾಗಿ, ಎರಡು ಕೈ ಜೋಡಿಸಿ ತಲೆಯ ಮೇಲಕ್ಕೆ ಎತ್ತಿದರು. ಆಕೆ ಚಿತ್ರದೊಳಗೆ ಬಂದರು ಎಂಬ ಅಂಶವನ್ನು ಶಾಂತವಾಗಿ ಗಮನಿಸಿದೆ. ನನ್ನ ಹಿಂದೆ ಬಸವಲಿಂಗಪ್ಪ ಪಿಸುಗುಟ್ಟುತ್ತಿರುವುದನ್ನೂ ಗಮನಿಸಿದೆ. ಅರಮನೆಯ ನಡುಗುಮ್ಮಟದ ತುದಿಯ ದೀಪ ಉಳಿದವುಗಳಿಗಿಂತ ಒಂದು ಕ್ಷಣ ತಡವಾಗಿ ಹತ್ತಿದ್ದು ಕೂಡ ನನ್ನ ಗಮನಕ್ಕೆ ಬಂತು.

ಸಾಕಷ್ಟು ಹೊತ್ತಿನ ಮೇಲೆ ಚೆನ್ನಾಜಮ್ಮ ಕೈ ಇಳಿಸಿ ಹಿಂದಿರುಗಿ ನೋಡಿದರು.

“ಇನ್ನೂ ಆಗ್ನಿಲ್ವಾ? ಅಯ್ಯೋ, ಕೂತ್ಕೊ ಅಂದಿದ್ರಲ್ಲ! ಈಗ ಕೂತ್ಕೊಳ್ಲಾ?”

ನಾನು ಮುಚ್ಚಳಕ್ಕಾಗಿ ಹುಡುಕಿದೆ. ಅದು ನನ್ನ ಎರಡು ಅಂಗೈಗಳ ನಡುವೆ, ಎದೆಯ ಮಟ್ಟದಲ್ಲಿತ್ತು.

ಬಸವಲಿಂಗಪ್ಪ ಬೈಯಲಿಲ್ಲ. ನನ್ನ ಕೈಯಿಂದ ಮುಚ್ಚಳವನ್ನು ಮೆಲ್ಲಗೆ ಬಿಡಿಸಿಕೊಂಡು ಲೆನ್ಸಿಗೆ ಹಾಕಿ, “ನಿಮಗೂ ಕಮ್ಮಿ ಏನಿಲ್ಲ ಬಿಡಿ ಸ್ವಾಮಿ,” ಎಂದರು.

ಶುಕ್ರವಾರ ಸಂಜೆ ಸಂಪಾದಕರ ಮೇಜಿನ ಮೇಲೆ ಇದ್ದದ್ದು ಆ ಚಿತ್ರವೇ. ಬೇರೆ ಇರಲಿಲ್ಲ. ಬಸವಲಿಂಗಪ್ಪನವರು ಒಳಗೆ ಬರಲೊಲ್ಲದೆ ಬಾಗಿಲ ಹೊರಗೆ ಟೋಪಿ ಹಿಡಿದು ನಿಂತರು. ಸಂಪಾದಕರು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು.

“ಅರಮನೆ ಎಲ್ಲಿ?”

“ಆ ಬೆಳಕಿನೊಳಗೆ ಇದೆ ಸಾರ್.”

“ಇದೆ ಅನ್ನೋದಕ್ಕೆ ಆಧಾರ?”

ನಾನು ಬೆಳಕಿನ ಹಿಂದಿದ್ದ ಬೆಟ್ಟವನ್ನು ತೋರಿಸಿದೆ.

“ಈಕೆ ಯಾರು?”

“ತಾರಸಿಯ ಯಜಮಾನಿ.”

“ಆಕೆಯ ಸೆರಗಿನೊಳಗೆ ಗಡಿಯಾರದ ಗೋಪುರ ಯಾಕಿದೆ?”

ಮೊದಲ ಸಲ ಮುಚ್ಚಳ ತೆಗೆದಾಗ ಆಕೆ ಕೂತಿದ್ದರು, ಎರಡನೆಯ ಸಲ ನಿಂತರು, ಆದ್ದರಿಂದ ಗೋಪುರ ಆಕೆಯ ಮೈಯೊಳಗಿಂದ ಮಸುಕಾಗಿ ಕಾಣುತ್ತದೆ ಎಂದು ವಿವರಿಸಿದೆ. ಗಿಳಿಯ ಬಗ್ಗೆ ಕೇಳಿದರು. ಅದು ಷರತ್ತು ಎಂದೆ. ಅವರು ನಿಟ್ಟುಸಿರು ಬಿಟ್ಟು, ಚಿತ್ರವನ್ನು ಪಕ್ಕಕ್ಕೆ ಸರಿಸಿ, ಹಳೆಯ ಬ್ಲಾಕನ್ನು ಕೈಗೆತ್ತಿಕೊಂಡರು. ಬಾಗಿಲ ಹೊರಗೆ ಬಸವಲಿಂಗಪ್ಪನವರು ಟೋಪಿ ಹಾಕಿಕೊಂಡದ್ದು ನನಗೆ ಕಂಡಿತು.

ಹೊರಗೆ ಕತ್ತಲಾಗುತ್ತಿತ್ತು. ಅಚ್ಚುಮೊಳೆ ಜೋಡಿಸುವವರಲ್ಲಿ ಯಾರೋ ಸ್ವಿಚ್ಚು ಹಾಕಿದರು. ಕೋಣೆಯ ನಡುವೆ ತೂಗುತ್ತಿದ್ದ ಬಲ್ಬು ಹತ್ತಿತು.

ಸಂಪಾದಕರು ಬ್ಲಾಕನ್ನು ಕೆಳಗಿಟ್ಟು ಕೈ ಮುಗಿದರು. ಅಂಗೈಗಳ ನಡುವೆ ಕೆಂಪು ಪೆನ್ಸಿಲು ಸಿಕ್ಕಿಕೊಂಡಿತ್ತು. ಪ್ರತಿ ಸಂಜೆ ಹೀಗೆ ಮಾಡುತ್ತಿದ್ದರೇನೋ, ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕೈ ಬಿಡಿಸಿದ ಮೇಲೆ ಪೆನ್ಸಿಲನ್ನು ಒಮ್ಮೆ ನೋಡಿದರು. ಚಿತ್ರವನ್ನು ಮತ್ತೆ ಎಳೆದುಕೊಂಡರು. ಈ ಸಲ ಬಹಳ ಹೊತ್ತು ನೋಡಿದರು.

“ಅಡಿಬರಹ ಏನು ಬರೆದಿದ್ದೀರಿ?”

‘ಮೈಸೂರಿನಲ್ಲಿ ದೀಪ ಹತ್ತಿದ ಹೊತ್ತಿನ ಭವ್ಯ ನೋಟ’ ಎಂದು ಬರೆದಿದ್ದೆ. ಅವರು ‘ಭವ್ಯ’ ಹೊಡೆದರು. ‘ನೋಟ’ ಹೊಡೆದರು. ಉಳಿದದ್ದನ್ನು ತಿದ್ದಿ ‘ಮೈಸೂರಿನಲ್ಲಿ ದೀಪ ಹತ್ತಿದ ಹೊತ್ತು’ ಎಂದು ಮಾಡಿ, ಕೆಳಗೆ ತಾವೇ ‘ಫೋಟೊ:’ ಎಂದು ಬರೆದು ತಲೆಯೆತ್ತಿದರು.

“ಪೂರ್ತಿ ಹೆಸರೇನು?”

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹೊರಗಿನಿಂದ ಪೂರ್ತಿ ಹೆಸರು, ತಂದೆಯ ಹೆಸರು, ಹುಟ್ಟೂರು, ಸ್ಟುಡಿಯೊದ ಬೀದಿ ಎಲ್ಲವೂ ಕೇಳಿಬಂತು. ಸಂಪಾದಕರು ಹೆಸರಷ್ಟನ್ನೇ ಬರೆದುಕೊಂಡರು. “ಇದನ್ನು ರಾತ್ರಿ ರೈಲಿಗೆ ಹಾಕಿ,” ಎಂದು ಚಿತ್ರವನ್ನು ನನ್ನ ಕೈಗೆ ಕೊಟ್ಟರು. ಹಳೆಯ ಬ್ಲಾಕನ್ನೂ ಕೊಟ್ಟರು. “ಇದನ್ನು ನಿಮ್ಮ ಮನೆಗೆ ತೊಗೊಂಡು ಹೋಗಿ. ಇಲ್ಲೇ ಇದ್ದರೆ ಮತ್ತೆ ಹಾಕಬೇಕು ಅನ್ನಿಸುತ್ತೆ.”

ಸಂಚಿಕೆ ಬಂದ ದಿನ ಬಸವಲಿಂಗಪ್ಪನವರೂ ನಾನೂ ಒಂದು ಪ್ರತಿ ಹಿಡಿದು ಚೆನ್ನಾಜಮ್ಮನವರ ಮನೆಗೆ ಹೋದೆವು. ಬಸವಲಿಂಗಪ್ಪನವರು ದಾರಿಯುದ್ದಕ್ಕೂ, ಅರಮನೆ ಹೀಗಾಯಿತಲ್ಲ, ಆಕೆ ಏನನ್ನುತ್ತಾರೋ ಎಂದು ಹೆದರುತ್ತಿದ್ದರು. ಆಕೆ ಪತ್ರಿಕೆಯನ್ನು ಹೊಸ್ತಿಲ ಬೆಳಕಿಗೆ ಹಿಡಿದು, ತಮ್ಮ ತುರುಬಿನಿಂದ ಸೆರಗಿನ ಅಂಚಿನವರೆಗೆ ಬೆರಳಿಟ್ಟು ನೋಡಿದರು. ಗಿಳಿಯ ಮೇಲೆ ಬೆರಳು ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

“ಈ ಸಲ ತಲೆ ಬಂದೈತೆ,” ಎಂದರು. “ಗಿಳೀನೂ ಬಂದೈತೆ.” ಬಸವಲಿಂಗಪ್ಪನವರ ಮುಖ ಇನ್ನೂ ಅರಳದಿರುವುದನ್ನು ಕಂಡು ಸಮಾಧಾನ ಹೇಳಿದರು: “ಅರಮನೆಗೇನ್ರೀ, ಅಲ್ಲೇ ಇರ್ತದೆ. ಇನ್ನೊಂದ್ ದಪ ತೆಗುದ್ರಾಯ್ತು ಬುಡಿ.”